ಹಳ್ಳಿಯ ಬಿಪಿ, ಶುಗರ್ ಕೆಲಸಕ್ಕೆ ಸಿಎಸ್‌ಆರ್ ಹಣ: ನಾವು ಓಡಾಡಿದ 17 ತಿಂಗಳು

2025ರ ಜುಲೈ 11ನೇ ತಾರೀಖು, ಶುಕ್ರವಾರ ಮಧ್ಯಾಹ್ನ. ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಪಾವಗಡದ ಬಸ್ಸಿಗೆ ಕಾಯುತ್ತಿದ್ದಾಗ ಬ್ಯಾಂಕಿನ ಮೆಸೇಜ್ ಬಂತು. ನಮ್ಮ ಟ್ರಸ್ಟಿನ ಖಾತೆಗೆ 4,72,400 ರೂಪಾಯಿ ಜಮಾ ಆಗಿತ್ತು. ಒಂದು ಕಂಪನಿಯ ಸಿಎಸ್‌ಆರ್ ಹಣ, ಅಂದರೆ ದೊಡ್ಡ ಕಂಪನಿಗಳು ಕಾನೂನಿನಂತೆ ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕಾದ ಹಣ. ಮೂರು ಸಲ ಓದಿದೆ. ಜೊತೆಗಿದ್ದ ಸಿಸ್ಟರ್‌ಗೆ ಫೋನ್ ಕೊಟ್ಟೆ. ಅವರು ಓದಿ, ಏನೂ ಮಾತಾಡದೆ ನನ್ನ ಕೈ ಹಿಡಿದುಕೊಂಡರು. 2024ರ ಫೆಬ್ರವರಿಯಿಂದ 2025ರ ಜುಲೈವರೆಗೆ ನಾವು ಓಡಾಡಿದ್ದು ಆ ಒಂದು ಮೆಸೇಜಿಗಾಗಿ.

ನಮ್ಮಂಥ ಸಣ್ಣ ಟ್ರಸ್ಟುಗಳು ರಾಜ್ಯದ ತುಂಬ ಇವೆ. ಕೆಲಸ ಗೊತ್ತು, ಜನ ಗೊತ್ತು, ಕಾಗದ ಗೊತ್ತಿಲ್ಲ. ಅಂಥವರಿಗೆ ಒಂದಷ್ಟು ತಿಂಗಳಾದರೂ ಉಳಿಯಲಿ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಾನು ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು. ನಮ್ಮ ಟ್ರಸ್ಟ್ ಶುರುವಾಗಿದ್ದು 2012ರಲ್ಲಿ, ಮಕ್ಕಳ ಓದಿಗೆ ಸಹಾಯ ಮಾಡಲು. 2018ರಿಂದ ಪಾವಗಡ ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ತಿಂಗಳಿಗೊಮ್ಮೆ ಬಿಪಿ, ಶುಗರ್ ನೋಡುವ ಶಿಬಿರ ಮಾಡುತ್ತಾ ಬಂದಿದ್ದೆವು. ನಿವೃತ್ತರಾದ ಒಬ್ಬ ಸಿಸ್ಟರ್, ಒಂದು ಬಿಪಿ ಮಷೀನು, ಶಾಲೆಯ ಜಗುಲಿ. ಖರ್ಚು ನಮ್ಮ ಕೈಯಿಂದಲೇ.

ನಮ್ಮ ಕಡೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪಾವಗಡ ತುಮಕೂರು ಜಿಲ್ಲೆಗೆ ಸೇರಿದ್ದು, ಆದರೆ ಮೂರು ಕಡೆ ಆಂಧ್ರ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ. ಮಳೆ ಕಮ್ಮಿ, ಕಡ್ಲೆಕಾಯಿ ಬೆಳೆ, ನೀರಲ್ಲಿ ಫ್ಲೋರೈಡ್. ತಿರುಮಣಿ ಸುತ್ತಮುತ್ತ ದೊಡ್ಡ ಸೋಲಾರ್ ಪಾರ್ಕ್ ಬಂದಿದೆ. ಮಳೆ ಕೈಕೊಟ್ಟ ವರ್ಷ ಅರ್ಧ ಊರು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತದೆ.

2024ರ ಜನವರಿಯ ಶಿಬಿರಕ್ಕೆ ಒಬ್ಬ ಹೆಣ್ಣುಮಗಳು ಬಂದರು. ಗಂಡನಿಗೆ 46 ವರ್ಷ, ಲಕ್ವ ಹೊಡೆದು ಬಲಗಡೆ ಕೈಕಾಲು ಬಿದ್ದುಹೋಗಿತ್ತು. ನಮ್ಮ ರಿಜಿಸ್ಟರ್ ತೆಗೆದು ನೋಡಿದರೆ ಆತನ ಹೆಸರು ಅದರಲ್ಲಿತ್ತು. ಎರಡು ವರ್ಷದ ಹಿಂದೆ ನಮ್ಮದೇ ಶಿಬಿರದಲ್ಲಿ ಬಿಪಿ 170/104. ಎದುರಿಗೆ 'ಪಿಎಚ್‌ಸಿಗೆ ಹೋಗಲು ತಿಳಿಸಿದೆ' ಅಂತ ನನ್ನದೇ ಅಕ್ಷರ.

"ಹೋಗಿದ್ರು ಟೀಚರ್, ಒಂದು ತಿಂಗಳು ನುಂಗಿದ್ರು. ಆಮೇಲೆ ಕಮ್ಮಿ ಆಗೈತೆ ಅಂದ್ರು, ಬಿಟ್ಬುಟ್ರು. ಯಾರಾದ್ರೂ ಮನೆತಾವ ಬಂದು ಕೇಳಿದ್ದಿದ್ರೆ ತಗೊತಿದ್ರು."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಿಪಿ ಇದೆ ಅಂತ ನಾವೇ ಹೇಳಿದ್ದೆವು. ಹೇಳಿ ಬಿಟ್ಟುಬಿಟ್ಟಿದ್ದೆವು. ಬಿಪಿ, ಶುಗರ್ ಶಿಬಿರದ ಕಾಯಿಲೆಗಳಲ್ಲ, ಬದುಕಿಡೀ ಜೊತೆಗಿರುವ ಕಾಯಿಲೆಗಳು. ಅವಕ್ಕೆ ಬೇಕಿರುವುದು ಪ್ರತಿ ತಿಂಗಳೂ ಬಾಗಿಲಿಗೆ ಹೋಗಿ "ಮಾತ್ರೆ ತಗೊಂಡ್ರಾ?" ಅಂತ ಕೇಳುವ ಒಬ್ಬರು. ಆ ಒಬ್ಬರಿಗೆ ಸಂಬಳ ಕೊಡಲು ಹಣ ಬೇಕಿತ್ತು. ಹನ್ನೆರಡು ಹಳ್ಳಿ, ಇಬ್ಬರು ನರ್ಸುಗಳು, ನಾಲ್ಕು ಜನ ಊರಿನ ಹೆಣ್ಣುಮಕ್ಕಳು, ಸುಮಾರು 600 ರೋಗಿಗಳು. ಲೆಕ್ಕ ಇಷ್ಟೇ.

ಫೆಬ್ರವರಿಯಲ್ಲಿ 34 ಕಂಪನಿಗಳಿಗೆ ಇಮೇಲ್ ಕಳಿಸಿದೆ. ಉತ್ತರ ಬಂದಿದ್ದು ಎರಡೇ. ಒಂದರಲ್ಲಿ 'ಧನ್ಯವಾದ' ಅಂತಷ್ಟೇ ಇತ್ತು. ಇನ್ನೊಂದು ಕಂಪನಿಯಿಂದ ಒಬ್ಬ ಹುಡುಗಿ ಫೋನ್ ಮಾಡಿ ತಾಳ್ಮೆಯಿಂದ ಕೇಳಿದಳು: "ಮೇಡಂ, ನಿಮ್ಮ ಸಿಎಸ್‌ಆರ್ ನಂಬರ್ ಎಷ್ಟು? 12ಎ, 80ಜಿ ಎರಡೂ ಇದೆಯಾ? ದರ್ಪಣ್ ಐಡಿ?" 12ಎ ಒಂದು ಬಿಟ್ಟರೆ ಯಾವುದೂ ನಮ್ಮ ಹತ್ತಿರ ಇರಲಿಲ್ಲ. 12ಎ ಅಂದರೆ ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುವ ನೋಂದಣಿ, 80ಜಿ ಅಂದರೆ ದಾನ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಕೊಡಿಸುವ ಮಾನ್ಯತೆ, ದರ್ಪಣ್ ಅಂದರೆ ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ಸರ್ಕಾರಿ ಪೋರ್ಟಲ್. ಆ ಹುಡುಗಿ ಅವತ್ತು ಇಪ್ಪತ್ತು ನಿಮಿಷ ಕೊಟ್ಟು ವಿವರಿಸಿದ್ದೇ ನಮಗೆ ದಾರಿಯಾಯಿತು.

ಅವಳಿಂದ ಮತ್ತು ನಮ್ಮ ಆಡಿಟರ್ ಸರ್ ಅವರಿಂದ ನನಗೆ ತಿಳಿದದ್ದು ಇದು. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ದಾಟಿದ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಆದರೆ ಆ ಹಣವನ್ನು ಯಾರಿಗೆ ಬೇಕಾದರೂ ಕೊಡುವಂತಿಲ್ಲ. 2021ರ ಏಪ್ರಿಲ್ 1ರಿಂದ, ಸಿಎಸ್‌ಆರ್-1 ಅನ್ನುವ ಫಾರ್ಮ್ ಸಲ್ಲಿಸಿ ನಂಬರ್ ಪಡೆದ ಸಂಸ್ಥೆಗೆ ಮಾತ್ರ ಕೊಡಬಹುದು. ನಮ್ಮಂಥ ಟ್ರಸ್ಟಿಗೆ ಆ ನಂಬರ್ ಸಿಗಬೇಕಾದರೆ 12ಎ, 80ಜಿ ಎರಡೂ ಇರಬೇಕು. ಅದೇ ಥರದ ಕೆಲಸದಲ್ಲಿ ಮೂರು ವರ್ಷದ ಅನುಭವವೂ ಇರಬೇಕು.

ಮೂರು ವರ್ಷದ ಅನುಭವ ನಮಗಿತ್ತು. 2018ರಿಂದ ಬರೆದಿಟ್ಟ ಶಿಬಿರದ ರಿಜಿಸ್ಟರುಗಳೇ ಅದಕ್ಕೆ ಸಾಕ್ಷಿಯಾದವು. ನೀವು ಈಗ ಸಣ್ಣದಾಗಿ ಏನೇ ಮಾಡುತ್ತಿರಿ, ದಿನಾಂಕ ಹಾಕಿ ಬರೆದಿಡಿ. ಗೀಟು ಹಾಕಿದ ನೋಟ್‌ಬುಕ್ ಆದರೂ ಸಾಕು.

80ಜಿ ಪಡೆಯಲು ಹೊರಟಾಗ ಮೊದಲ ಅಡ್ಡಿ ಬಂತು. ಆಡಿಟರ್ ಸರ್ ಟ್ರಸ್ಟ್ ಡೀಡ್ ಓದಿ ಕನ್ನಡಕ ತೆಗೆದಿಟ್ಟರು. "ಇದರಲ್ಲಿ ಆರೋಗ್ಯ ಅನ್ನೋ ಪದವೇ ಇಲ್ಲವಲ್ಲಮ್ಮ." ಹೌದು, 2012ರಲ್ಲಿ ನಾವು ಬರೆಸಿದ್ದು ಶಿಕ್ಷಣದ ಬಗ್ಗೆ ಮಾತ್ರ. ಪುಣ್ಯಕ್ಕೆ ಉದ್ದೇಶಗಳನ್ನು ತಿದ್ದಬಹುದು ಅನ್ನುವ ಒಂದು ಕಲಂ ಡೀಡ್‌ನಲ್ಲಿತ್ತು. ಅದಿಲ್ಲದಿದ್ದರೆ ಕೋರ್ಟಿನವರೆಗೆ ಹೋಗಬೇಕಾಗುತ್ತದೆ ಅಂದರು. ಏಪ್ರಿಲ್‌ನಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ತಿದ್ದುಪಡಿ ಡೀಡ್ ನೋಂದಣಿ ಮಾಡಿಸಿದೆವು. ಐದೂ ಜನ ಟ್ರಸ್ಟಿಗಳು ಒಂದೇ ದಿನ ಬರಬೇಕಿತ್ತು. ಒಬ್ಬರು ಹಿರಿಯರಿಗೆ 78 ವರ್ಷ. ಬಿಸಿಲಲ್ಲಿ ನಾಲ್ಕು ಗಂಟೆ ಕೂತಿದ್ದರು, ಒಂದು ಮಾತು ಬೇಜಾರು ಮಾಡಿಕೊಳ್ಳಲಿಲ್ಲ.

ಉದ್ದೇಶ ತಿದ್ದಿದ ಮೇಲೆ ಇನ್ನೊಂದು ಕೆಲಸ ಇರುತ್ತದೆ, ಅದನ್ನು ಮರೆಯುವವರು ಜಾಸ್ತಿ. ತಿದ್ದಿದ 30 ದಿನದೊಳಗೆ 12ಎ ನೋಂದಣಿಗೆ ಮತ್ತೆ ಅರ್ಜಿ ಹಾಕಬೇಕು. ಹಾಕದಿದ್ದರೆ ಇರುವ ನೋಂದಣಿಗೂ ತೊಂದರೆ. ನಾವು 26ನೇ ದಿನ ಹಾಕಿದೆವು. 80ಜಿಗೂ ಜೊತೆಗೇ ಹಾಕಿದೆವು, ಎರಡೂ ಫಾರ್ಮ್ 10ಎಬಿಯಲ್ಲಿ. ಇದು 2024ರ ಮಾತು. 2026ರ ಏಪ್ರಿಲ್‌ನಿಂದ ಅನ್ವಯವಾಗುವುದು ಹೊಸ ಆದಾಯ ತೆರಿಗೆ ಕಾಯ್ದೆ. ಹಾಗಾಗಿ ಅರ್ಜಿ ಹಾಕುವಾಗ ಫಾರ್ಮಿನ ಹೆಸರು, ನಂಬರನ್ನು ನಿಮ್ಮ ಆಡಿಟರ್ ಹತ್ತಿರ ಕೇಳಿಕೊಳ್ಳಿ.

ಅರ್ಜಿ ಹಾಕಿದ ಮೇಲೆ ನೋಟಿಸ್ ಬಂತು. ಆ ಪದ ಕೇಳಿಯೇ ನಮ್ಮ ಖಜಾಂಚಿ ಹೆದರಿದರು. ಹೆದರುವಂಥದ್ದು ಏನೂ ಇರಲಿಲ್ಲ. ಮೂರು ವರ್ಷದ ಆಡಿಟ್ ಆದ ಲೆಕ್ಕ, ಬ್ಯಾಂಕ್ ಸ್ಟೇಟ್‌ಮೆಂಟ್, ಏನೇನು ಕೆಲಸ ಮಾಡಿದ್ದೀರಿ ಅನ್ನುವ ಟಿಪ್ಪಣಿ, ಫೋಟೊ, ದಾನ ಕೊಟ್ಟವರ ಪಟ್ಟಿ ಕೇಳಿದ್ದರು. ಎಲ್ಲವನ್ನೂ ಆನ್‌ಲೈನ್‌ನಲ್ಲೇ ಕಳಿಸಬೇಕು, ಕೊಟ್ಟ ದಿನದೊಳಗೆ ಕಳಿಸಬೇಕು. ನೋಟಿಸ್ ಬರುವುದು ಪೋರ್ಟಲ್‌ಗೆ ಮತ್ತು ಇಮೇಲಿಗೆ. ಅಂಚೆಯಣ್ಣ ತಂದುಕೊಡುವುದಿಲ್ಲ. ವಾರಕ್ಕೆರಡು ಸಲ ತೆಗೆದು ನೋಡುತ್ತಿರಿ.

ಆಮೇಲೆ ಕಾಯುವುದು. ಮೇ ಹೋಯಿತು, ಜೂನ್ ಹೋಯಿತು, ಶ್ರಾವಣ ಬಂತು. ಪ್ರತಿ ಸೋಮವಾರ ಬೆಳಿಗ್ಗೆ ಪೋರ್ಟಲ್ ತೆಗೆಯುವುದು, ಮುಚ್ಚುವುದು. ಎರಡೂ ಆದೇಶ ಕೈಗೆ ಬಂದಾಗ ಅಕ್ಟೋಬರ್.

ಈ ನಡುವೆ ದರ್ಪಣ್ ನೋಂದಣಿ ಮುಗಿಸೋಣ ಅಂತ ಕೂತೆವು. ಅದಕ್ಕೆ ಶುಲ್ಕ ಇಲ್ಲ. ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಆದರೆ ನಮಗೆ ಎರಡು ಕಡೆ ತಡೆಯಿತು. ಒಂದು, ಹೆಸರು. ಡೀಡ್‌ನಲ್ಲಿ ನಮ್ಮ ಟ್ರಸ್ಟಿನ ಹೆಸರಿನ ಮುಂದೆ 'ರಿ' ಇದೆ, ಪ್ಯಾನ್ ಕಾರ್ಡಿನಲ್ಲಿ ಇಲ್ಲ. ಬ್ಯಾಂಕಿನಲ್ಲಿ ಇನ್ನೊಂದು ಥರ ಇದೆ. ನಮ್ಮ ಕಡೆ ಎಲ್ಲ ಬೋರ್ಡಿನ ಮೇಲೂ 'ರಿ' ಬರೆಸುವುದು ರೂಢಿ ಅಲ್ವಾ, ಅದು ಕಂಪ್ಯೂಟರಿಗೆ ಬೇರೆ ಹೆಸರಾಗಿಬಿಡುತ್ತದೆ. ಪ್ಯಾನ್‌ನಲ್ಲಿ ಹೇಗಿದೆಯೋ ಹಾಗೆಯೇ ಎಲ್ಲ ಕಡೆ ಮಾಡಿಸಿ. ಇನ್ನೊಂದು, ಓಟಿಪಿ. ಆ ಹಿರಿಯ ಟ್ರಸ್ಟಿಯ ಆಧಾರ್‌ಗೆ ಸೇರಿಸಿದ್ದ ಮೊಬೈಲ್ ನಂಬರ್ ಯಾವತ್ತೋ ನಿಂತುಹೋಗಿತ್ತು. ಅದನ್ನು ಬದಲಾಯಿಸಲು ಆಧಾರ್ ಕೇಂದ್ರಕ್ಕೆ ಹೋದರೆ ಬೆರಳಚ್ಚು ಬೀಳುತ್ತಿರಲಿಲ್ಲ, ವಯಸ್ಸಾಗಿ ರೇಖೆ ಸವೆದಿತ್ತು. ಮೂರನೇ ಸಲಕ್ಕೆ ಬಿತ್ತು. ಎಲ್ಲ ಟ್ರಸ್ಟಿಗಳ ಆಧಾರ್, ಪ್ಯಾನ್, ಮೊಬೈಲ್ ಒಂದಕ್ಕೊಂದು ಹೊಂದುತ್ತವಾ ಅಂತ ಇವತ್ತೇ ನೋಡಿ. ನಮಗೆ ಅಲ್ಲಿ ಐದು ವಾರ ಹೋಯಿತು.

ನವೆಂಬರಿನಲ್ಲಿ ಸಿಎಸ್‌ಆರ್-1 ಸಲ್ಲಿಸಿದೆವು. ಡಿಜಿಟಲ್ ಸಹಿ ಬೇಕು, ಚಾರ್ಟರ್ಡ್ ಅಕೌಂಟೆಂಟ್ ದೃಢೀಕರಿಸಬೇಕು. ಅಷ್ಟೊಂದು ಓಡಾಡಿ ಬಂದಿದ್ದಕ್ಕೋ ಏನೋ, ಇದು ಮಾತ್ರ ಸಲೀಸಾಗಿ ಆಯಿತು.

ಯಾರೋ ವಿದೇಶಿ ದಾನಿಗಳ ಹತ್ತಿರ ಹೋಗಿ ಅಂದಿದ್ದರು. ವಿಚಾರಿಸಿದರೆ ಎಫ್‌ಸಿಆರ್‌ಎ ನೋಂದಣಿಗೆ ಹಿಂದಿನ ಮೂರು ವರ್ಷದಲ್ಲಿ ಕನಿಷ್ಠ 15 ಲಕ್ಷ ರೂಪಾಯಿ ಮುಖ್ಯ ಕೆಲಸಕ್ಕೆ ಖರ್ಚು ಮಾಡಿರಬೇಕು. ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಖಾತೆಯನ್ನೂ ತೆರೆಯಬೇಕು. ನಮ್ಮ ಖರ್ಚು ಅದರ ಹತ್ತಿರವೂ ಇರಲಿಲ್ಲ. ಆ ಯೋಚನೆ ಬಿಟ್ಟೆವು.

ಇನ್ನು ಪ್ರಪೋಸಲ್. ನಾನು ಓದಿದ್ದು ಕನ್ನಡ ಮಾಧ್ಯಮ. ಇಂಗ್ಲಿಷಿನಲ್ಲಿ ಹದಿನೈದು ಪುಟ ಬರೆಯುವುದು ನನಗೆ ಕಷ್ಟವಾಯಿತು. ಮೊದಲು ಎಲ್ಲವನ್ನೂ ಕನ್ನಡದಲ್ಲಿ ಬರೆದೆ, ಅಣ್ಣನ ಮಗಳು ಇಂಗ್ಲಿಷ್ ಮಾಡಿಕೊಟ್ಟಳು. ಹಾಗೆ ಮಾಡಿದ್ದರಿಂದ ಒಂದು ಒಳ್ಳೆಯದಾಯಿತು. ನಾವು ಏನು ಮಾಡುತ್ತೇವೆ ಅನ್ನುವುದು ಮೊದಲು ನಮಗೇ ಸ್ಪಷ್ಟವಾಯಿತು.

ಮೊದಲ ಪುಟದಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಅಂಕಿ ಹಾಕಿದ್ದೆ. 2023ರಲ್ಲಿ ಪ್ರಕಟವಾದದ್ದು, ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, 31.5 ಕೋಟಿ ಜನರಿಗೆ ರಕ್ತದೊತ್ತಡ ಅನ್ನುತ್ತದೆ. ಅದನ್ನು ಓದಿದ ಸಿಎಸ್‌ಆರ್ ಮ್ಯಾನೇಜರ್ ಒಬ್ಬರು, "ದೇಶದ್ದು ಎಲ್ಲರೂ ಹಾಕ್ತಾರೆ ಮೇಡಂ, ನಿಮ್ಮ ಹಳ್ಳಿದು ಹೇಳಿ" ಅಂದರು. ಮಾತು ಸರಿ ಅನ್ನಿಸಿತು. ವಾಪಸ್ ಬಂದು ಆರು ವರ್ಷದ ರಿಜಿಸ್ಟರ್ ಹರಡಿಕೊಂಡು ನಾನು, ಸಿಸ್ಟರ್ ಒಂಬತ್ತು ದಿನ ಲೆಕ್ಕ ಹಾಕಿದೆವು. ಬಿಪಿ ಜಾಸ್ತಿ ಇದೆ ಅಂತ ಬರೆದ ಪ್ರತಿ ಹತ್ತು ಜನರಲ್ಲಿ ಮತ್ತೊಮ್ಮೆ ನಮ್ಮ ಮುಂದೆ ಬಂದವರು ಮೂರು ಜನ. ಉಳಿದ ಏಳು ಜನ ಏನಾದರು ಅಂತ ನಮಗೆ ಗೊತ್ತೇ ಇಲ್ಲ. ಆ ಒಂದು ಸಾಲನ್ನು ಮೊದಲ ಪುಟಕ್ಕೆ ತಂದೆವು. ಆಮೇಲೆ ಪ್ರಪೋಸಲ್ ಓದಿದ ಎಲ್ಲರೂ ಪ್ರಶ್ನೆ ಕೇಳಿದ್ದು ಆ ಸಾಲಿನ ಮೇಲೆಯೇ.

ಮೊದಲ ಕಂಪನಿ ಬೇಡ ಅಂದಿತು. ಅವರ ಕಾರ್ಖಾನೆ ಇರುವುದು ಬೇರೆ ಕಡೆ. ಕಾಯ್ದೆಯಲ್ಲೇ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಿ ಅಂತಿದೆ, ಅದು ಅವರ ತಪ್ಪಲ್ಲ. ಎರಡನೆಯವರು ಕೇಳಿದ್ದು "ನಿಮ್ಮದು ಆಕಾಂಕ್ಷಿ ಜಿಲ್ಲೆಯಾ?" ಅಂತ. ಹಿಂದುಳಿದಿವೆ ಅಂತ ಕೇಂದ್ರ ಸರ್ಕಾರ ಗುರುತಿಸಿದ ಜಿಲ್ಲೆಗಳ ಆ ಪಟ್ಟಿಯಲ್ಲಿ ಕರ್ನಾಟಕದಿಂದ ರಾಯಚೂರು, ಯಾದಗಿರಿ ಇವೆ, ತುಮಕೂರು ಇಲ್ಲ. ಬೆಂಗಳೂರಿಗೆ ಹತ್ತಿರ, ಹೆದ್ದಾರಿಯ ಮೇಲಿರುವ ಜಿಲ್ಲೆ ಅಂತ ಎಲ್ಲರಿಗೂ ಅನ್ನಿಸುತ್ತದೆ. ಆ ಜಿಲ್ಲೆಯ ತುದಿಯಲ್ಲಿ ಪಾವಗಡ ಇದೆ ಅನ್ನುವುದು ಭೂಪಟ ನೋಡಿದವರಿಗೆ ಮಾತ್ರ ಗೊತ್ತು. ಅವತ್ತು ವಾಪಸ್ ಬರುವ ಬಸ್ಸಿನಲ್ಲಿ ನನಗೆ ಅಳು ಬಂತು. ಮುಂದಿನ ಸಲಕ್ಕೆ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯಿಂದ ಹಿಂದುಳಿದ ತಾಲ್ಲೂಕುಗಳ ಪಟ್ಟಿಯ ಪುಟ ತೆಗೆದು ಲಗತ್ತಿಸಿದೆ. ಪಾವಗಡ ಅದರಲ್ಲಿದೆ. ನಿಮ್ಮ ಜಿಲ್ಲೆ ಮುಂದುವರಿದದ್ದಾದರೂ ತಾಲ್ಲೂಕು ಹಿಂದುಳಿದಿರಬಹುದು, ಆ ಪಟ್ಟಿ ನೋಡಿ.

ಮೂರನೆಯದು ಬೆಂಗಳೂರಿನ ಒಂದು ಕಂಪನಿ, ಕೊನೆಗೆ ಹಣ ಕೊಟ್ಟವರು ಇವರೇ. ಮೊದಲ ಭೇಟಿ 2025ರ ಜನವರಿಯಲ್ಲಿ. ಅವರ ಪ್ರಶ್ನೆ, "600 ಜನ ಕಮ್ಮಿ ಆಯ್ತಲ್ಲ? ಹತ್ತು ಸಾವಿರ ಜನಕ್ಕೆ ಶಿಬಿರ ಮಾಡಬಹುದಲ್ವಾ ಇದೇ ದುಡ್ಡಲ್ಲಿ?"

ಹೌದು ಅಂದುಬಿಟ್ಟರೆ ಹಣ ಬೇಗ ಬರುತ್ತಿತ್ತು. ನಾನು ಆ ಲಕ್ವ ಹೊಡೆದವರ ಕಥೆ ಹೇಳಿದೆ. ರಿಜಿಸ್ಟರ್ ತೋರಿಸಿದೆ. ಎಷ್ಟು ಜನರ ಬಿಪಿ ನೋಡಿದಿರಿ ಅಂತ ನಮ್ಮನ್ನು ಕೇಳಬೇಡಿ, ವರ್ಷದ ಕೊನೆಗೆ ಎಷ್ಟು ಜನರ ಬಿಪಿ 140/90ಕ್ಕಿಂತ ಕೆಳಗಿದೆ ಅಂತ ಕೇಳಿ ಅಂದೆ. ಇದು ನನ್ನ ಸ್ವಂತ ಬುದ್ಧಿಯಲ್ಲ. 2017ರಲ್ಲಿ ಶುರುವಾದ ಭಾರತ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದಲ್ಲಿ ಅಳೆಯುವುದೇ ಹೀಗೆ. ಸರ್ಕಾರ ಬಳಸುವ ಅಳತೆಯನ್ನೇ ನಾವೂ ಬಳಸುತ್ತೇವೆ ಅಂದಾಗ ಅವರಿಗೆ ಧೈರ್ಯ ಬಂತು.

ನಮ್ಮ ಜೊತೆ ಇದೇ ದಾರಿಯಲ್ಲಿ ಬರುವವರಿಗೆ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇನ್ನೊಂದು. ಗ್ರಾಂಟ್ ಹಣದಲ್ಲಿ ಮಾತ್ರೆ ಕೊಳ್ಳಬೇಡಿ. ಮೊದಲ ಕರಡಿನಲ್ಲಿ ನಾವು ಮಾತ್ರೆಗೆ ಮೂರು ಲಕ್ಷ ಇಟ್ಟಿದ್ದೆವು. ಸಿಸ್ಟರ್ ಕೇಳಿದರು, "ಒಂದು ವರ್ಷ ಕೊಡ್ತೀವಿ. ಹದಿಮೂರನೇ ತಿಂಗಳು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಪಿಎಚ್‌ಸಿಯಲ್ಲಿ ಬಿಪಿಗೆ ಅಮ್ಲೊಡಿಪಿನ್, ಶುಗರ್‌ಗೆ ಮೆಟ್‌ಫಾರ್ಮಿನ್ ಉಚಿತವಾಗಿ ಕೊಡುತ್ತಾರೆ. 30 ವರ್ಷ ದಾಟಿದವರನ್ನೆಲ್ಲ ತಪಾಸಣೆ ಮಾಡುವ ಸರ್ಕಾರಿ ಕಾರ್ಯಕ್ರಮವೇ ಇದೆ. ಆಶಾ ಕಾರ್ಯಕರ್ತೆಯರು ಫಾರ್ಮ್ ತುಂಬುತ್ತಾರೆ. ನಮ್ಮ ಜನರ ಕಷ್ಟ ಇರುವುದು ಮಾತ್ರೆ ತರುವ ದಾರಿಯಲ್ಲಿ. ಹತ್ತು ಹದಿನೈದು ದಿನದ ಮಾತ್ರೆ ಕೊಟ್ಟರೆ ತಿಂಗಳಿಗೆ ಎರಡು ಮೂರು ಸಲ ಹೋಗಬೇಕು, ಹೋದ ದಿನದ ಕೂಲಿ ಹೋಯಿತು. 2024-25ರಲ್ಲಿ ನರೇಗಾ ಕೂಲಿಯೇ ದಿನಕ್ಕೆ 349 ರೂಪಾಯಿ. ಕೆಲವೇ ರೂಪಾಯಿ ಬೆಲೆಯ ಮಾತ್ರೆಗೆ 349 ರೂಪಾಯಿ ಯಾರು ಬಿಡುತ್ತಾರೆ? ಆದ್ದರಿಂದ ಮಾತ್ರೆಯ ಮೂರು ಲಕ್ಷ ತೆಗೆದುಹಾಕಿದೆವು. ಅದರ ಬದಲು, ಸ್ಥಿರವಾಗಿರುವ ರೋಗಿಗಳಿಗೆ ಒಂದೇ ಸಲ 30 ದಿನದ ಮಾತ್ರೆಯನ್ನು ಉಪಕೇಂದ್ರದಲ್ಲೇ ಕೊಡಿ ಅಂತ ವೈದ್ಯಾಧಿಕಾರಿಗಳನ್ನು ಕೇಳಿಕೊಂಡೆವು. ಅವರು ಒಪ್ಪಿದರು. ನಮ್ಮ ಹಣ ಜನಕ್ಕೆ, ಓಡಾಟಕ್ಕೆ, ರಿಜಿಸ್ಟರಿಗೆ. ಮಾತ್ರೆ ಸರ್ಕಾರದ್ದು. ಗ್ರಾಂಟ್ ನಿಂತರೂ ಮಾತ್ರೆ ನಿಲ್ಲಬಾರದು.

ಇದಕ್ಕೆ ಸರ್ಕಾರದ ಕಡೆಯಿಂದ ಒಪ್ಪಿಗೆ ಪತ್ರ ಬೇಕು ಅಂತ ಕಂಪನಿ ಕೇಳಿತು. ಆ ಪತ್ರಕ್ಕೆ ಒಂದು ಕಚೇರಿಗೆ ಏಳು ಸಲ ಹೋದೆವು. ಒಂದು ಸಲ ಸಭೆ, ಒಂದು ಸಲ ರಜೆ, ಒಂದು ಸಲ ಅಧಿಕಾರಿಗೆ ವರ್ಗ. ಹೊಸಬರು ಬಂದು ಕಡತ ಹುಡುಕಿಸಿದರೆ ನಮ್ಮ ಅರ್ಜಿ ಸಿಗಲಿಲ್ಲ. ನನ್ನ ಹತ್ತಿರ ಸ್ವೀಕೃತಿ ಮೊಹರು ಬಿದ್ದ ಪ್ರತಿ ಇತ್ತು, ಅದರಿಂದ ಬಚಾವಾದೆವು. ಯಾವ ಕಚೇರಿಗೆ ಏನೇ ಕೊಟ್ಟರೂ ಎರಡನೇ ಪ್ರತಿಗೆ ಮೊಹರು ಹಾಕಿಸಿಕೊಳ್ಳದೆ ಆಚೆ ಬರಬೇಡಿ. ಪತ್ರ ಸಿಕ್ಕಿದ್ದು ಫೆಬ್ರವರಿ 27ಕ್ಕೆ. ಕಂಪನಿಯ ಸಮಿತಿ ಸಭೆ ಅದಕ್ಕೆ ಒಂದು ವಾರ ಮೊದಲೇ ಮುಗಿದಿತ್ತು.

ಕಂಪನಿಗಳಿಗೆ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ ಅನ್ನುವುದು ನನಗೆ ಗೊತ್ತಿತ್ತು. ಅದರ ಅರ್ಥ ಗೊತ್ತಿರಲಿಲ್ಲ. ಮಾರ್ಚ್ ಹತ್ತಿರ ಬಂದಾಗ ಹೋದರೆ ಉಳಿದ ಹಣ ಖರ್ಚು ಮಾಡುವ ಅವಸರದಲ್ಲಿರುತ್ತಾರೆ. ಮಷೀನು, ಕಟ್ಟಡ, ಆಂಬುಲೆನ್ಸ್ ಥರದ ಒಂದೇ ಸಲದ ಖರ್ಚಿಗೆ ಹಣ ಸಿಗಬಹುದು. ವರ್ಷಪೂರ್ತಿ ಸಂಬಳ ಕೊಡುವ ಕೆಲಸಕ್ಕೆ ಸಿಗುವುದು ಕಷ್ಟ. ವರ್ಷದ ಯೋಜನೆ ತಯಾರಾಗುವ ಹೊತ್ತಿಗೆ, ಅಂದರೆ ಏಪ್ರಿಲ್‌ಗೆ ಸ್ವಲ್ಪ ಮೊದಲು ಅಥವಾ ಏಪ್ರಿಲ್‌ನಲ್ಲೇ ಅವರ ಮೇಜಿನ ಮೇಲೆ ನಿಮ್ಮ ಪ್ರಪೋಸಲ್ ಇರಬೇಕು. ಇನ್ನೊಂದು, ನನ್ನ ಹಾಗೆ ಸುಮ್ನೆ 34 ಇಮೇಲ್ ಕಳಿಸಬೇಡಿ. ಯಾವ ಕಂಪನಿ ಯಾವ ರಾಜ್ಯದಲ್ಲಿ, ಯಾವ ಕೆಲಸಕ್ಕೆ ಎಷ್ಟು ಖರ್ಚು ಮಾಡಿದೆ ಅನ್ನುವುದು ಕೇಂದ್ರ ಸರ್ಕಾರದ ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಸಿಗುತ್ತದೆ. ಆರೋಗ್ಯಕ್ಕೆ ಕೊಟ್ಟ ನಾಲ್ಕೈದು ಕಂಪನಿ ಆರಿಸಿ, ಅವರಿಗೆ ಮಾತ್ರ ಬರೆಯಿರಿ.

ಮಾರ್ಚ್, ಏಪ್ರಿಲ್ ಸುಮ್ಮನೆ ಕಳೆದವು. ನಾವು ನೆಚ್ಚಿಕೊಂಡಿದ್ದ ಎಳೆಯ ನರ್ಸ್ ಒಬ್ಬಳು ಬೆಂಗಳೂರಿನ ಆಸ್ಪತ್ರೆಗೆ ಸೇರಿಕೊಂಡಳು. ಅವಳನ್ನು ತಡೆಯುವ ಹಕ್ಕು ನನಗೆ ಎಲ್ಲಿತ್ತು? ಮನೆಗೆ ದುಡಿಯುವವಳು ಅವಳೊಬ್ಬಳೇ.

ಮೇನಲ್ಲಿ ಒಪ್ಪಿಗೆ ಬಂತು, ಬಂದ ಮೇಲೆ ಪರಿಶೀಲನೆ. ಕಂಪನಿ ನೇಮಿಸಿದ ಇಬ್ಬರು ಬಂದು ಎರಡು ದಿನ ಕೂತರು. ಸಭೆಯ ನಡಾವಳಿ ಪುಸ್ತಕದಲ್ಲಿ ಎರಡು ಸಭೆಗೆ ಸಹಿ ಇರಲಿಲ್ಲ. 5,000 ರೂಪಾಯಿ ದಾಟಿದ ಕೆಲವು ರಸೀದಿಗೆ ರೆವಿನ್ಯೂ ಸ್ಟಾಂಪ್ ಹಚ್ಚಿರಲಿಲ್ಲ. ಬರೆದುಕೊಂಡು ಹೋದರು. ಅವರು ಕೇಳಿದ ಒಂದು ಪ್ರಶ್ನೆಗೆ ಮಾತ್ರ ನಾನು ತಬ್ಬಿಬ್ಬಾದೆ. "ಶುಗರ್ ನೋಡಲು ಚುಚ್ಚಿದ ಸೂಜಿ ಎಲ್ಲಿ ಹಾಕ್ತೀರಿ?" ಇಷ್ಟು ವರ್ಷ ಸಿಸ್ಟರ್ ಅವನ್ನು ಡಬ್ಬಿಯಲ್ಲಿ ಕೂಡಿಟ್ಟು ಆಸ್ಪತ್ರೆಗೆ ಒಯ್ದು ಕೊಡುತ್ತಿದ್ದರು, ಕಾಗದ ಏನೂ ಇರಲಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಆರೋಗ್ಯ ಶಿಬಿರಗಳಿಗೂ ಅನ್ವಯಿಸುತ್ತವೆ. ಚುಚ್ಚುವ ಸೂಜಿ ಬಿಳಿಯ, ತೂತಾಗದ ಡಬ್ಬಿಗೆ ಹೋಗಬೇಕು. ಅದನ್ನು ಒಯ್ಯುವವರ ಜೊತೆ ಲಿಖಿತ ಒಪ್ಪಂದ ಇರಬೇಕು. ಅದಕ್ಕೆ ಇನ್ನೂ ಎರಡು ವಾರ. ಕೇಳಿದ್ದು ಒಳ್ಳೆಯದೇ ಆಯಿತು. ಊರಿನ ಮಕ್ಕಳು ಬರಿಗಾಲಲ್ಲಿ ಓಡಾಡುತ್ತಾರೆ.

ಇನ್ನು ದುಡ್ಡಿನ ವಿಷಯ. ನಾವು ಕೇಳಿದ್ದು 13,13,000. ಇಬ್ಬರು ನರ್ಸುಗಳಿಗೆ ತಿಂಗಳಿಗೆ 18,000ದಂತೆ ವರ್ಷಕ್ಕೆ 4,32,000. ನಾಲ್ಕು ಜನ ಊರಿನ ಕಾರ್ಯಕರ್ತೆಯರಿಗೆ 6,000ದಂತೆ 2,88,000. ವೈದ್ಯರ ಭೇಟಿಗೆ 96,000, ಪೆಟ್ರೋಲಿಗೆ 96,000, ಶುಗರ್ ಸ್ಟ್ರಿಪ್‌ಗೆ 90,000. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು 200 ಜನರಿಗೆ ಎರಡು ಸುತ್ತು ಮಾಡಲು 1,40,000. ಬಿಪಿ ಮಷೀನುಗಳಿಗೆ ಬರೀ 15,000. ಉಳಿದದ್ದು ತರಬೇತಿ, ತ್ಯಾಜ್ಯ, ಆಡಿಟ್, ಕಚೇರಿ ಖರ್ಚು. ಅವರು ಎಚ್‌ಬಿಎ1ಸಿಯ ಒಂದು ಸುತ್ತು, ಕಚೇರಿ ಖರ್ಚಿನ 62,000 ಪೂರ್ತಿ ಕಡಿದು 11,81,000ಕ್ಕೆ ಒಪ್ಪಿದರು. ಶೇ 40, 40, 20ರ ಮೂರು ಕಂತು.

ಕಚೇರಿ ಖರ್ಚು ಕಡಿಯಲು ಅವರು ಕೊಟ್ಟ ಕಾರಣ, ಕಾನೂನಿನಲ್ಲಿ ಆಡಳಿತ ಖರ್ಚಿಗೆ ಮಿತಿ ಇದೆ ಅಂತ. ನಾನು ಒಪ್ಪಿಕೊಂಡೆ. ಆಮೇಲೆ ನಿಯಮ ತೆಗೆದು ಓದಿದರೆ, ಆ ಶೇ 5ರ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ. ಒಂದು ಯೋಜನೆಯನ್ನು ನಡೆಸಲು, ಅದರ ಮೇಲೆ ನಿಗಾ ಇಡಲು ನೇರವಾಗಿ ಆಗುವ ಖರ್ಚು ಅದರಲ್ಲಿ ಬರುವುದಿಲ್ಲ. ಹಾಗಾಗಿ ನೀವು 'ಆಡಳಿತ' ಅಂತ ಒಂದು ಸಾಲಿನಲ್ಲಿ ಬರೆಯಬೇಡಿ. 'ರಿಜಿಸ್ಟರ್ ಮತ್ತು ಲೆಕ್ಕ ಬರೆಯುವ ಸಹಾಯಕರು, ತಿಂಗಳಿಗೆ ಇಷ್ಟು' ಅಂತ ಯೋಜನೆಯ ಕೆಲಸವಾಗಿಯೇ ಬಿಡಿಸಿ ಬರೆಯಿರಿ. ಈಗ ನಮ್ಮ ಲೆಕ್ಕವನ್ನು ನಾನೇ ರಾತ್ರಿ ಕೂತು ಬರೆಯುತ್ತಿದ್ದೇನೆ.

ಕರಾರಿಗೆ ಸಹಿ ಹಾಕುವ ಮುಂಚೆ ಒಂದು ವಿಷಯಕ್ಕೆ ಮಾತ್ರ ನಾವು ಬಗ್ಗಲಿಲ್ಲ. ಕಂಪನಿ ಫಲಾನುಭವಿಗಳ ಹೆಸರು, ಫೋಟೊ, ಆಧಾರ್ ನಂಬರ್ ಇರುವ ಪಟ್ಟಿ ಕೇಳಿತ್ತು. ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾದರೆ ಮಗಳ ಮದುವೆ ತಪ್ಪಿಹೋದೀತು ಅಂತ ಹೆದರುವ ಮನೆಗಳು ನಮ್ಮಲ್ಲಿವೆ. ಹೆಸರಿನ ಬದಲು ಸಂಖ್ಯೆ ಕೊಡುತ್ತೇವೆ, ಬೇಕಾದರೆ ನೀವೇ ಬಂದು ರಿಜಿಸ್ಟರ್ ನೋಡಿ, ಪ್ರತಿ ಒಯ್ಯಬೇಡಿ ಅಂದೆವು. ಬ್ಯಾನರನ್ನು ಊರಿನ ಸಭೆಯಲ್ಲಿ ಕಟ್ಟುತ್ತೇವೆ, ರೋಗಿಯ ಮನೆ ಬಾಗಿಲಲ್ಲಿ ಅಲ್ಲ ಅಂದೆವು. ಹತ್ತು ದಿನ ಉತ್ತರ ಬರಲಿಲ್ಲ. ಎಲ್ಲ ಕೈತಪ್ಪಿ ಹೋಯಿತು ಅಂದುಕೊಂಡೆ. ಆಮೇಲೆ ತಿದ್ದಿದ ಕರಾರು ಬಂತು. ಕೇಳುವ ಧೈರ್ಯ ಮಾಡಿ, ಒಪ್ಪುತ್ತಾರೆ.

ಈ ಹಣ ಬರುವ ಮುಂಚೆ ನಮ್ಮ ಕೈಯಿಂದ ಹೋದದ್ದು ಹೀಗಿದೆ. ಆಡಿಟರ್ ಸರ್‌ಗೆ ಎಲ್ಲ ಸೇರಿ 25,000. ಡೀಡ್ ಬರೆಸಿ ನೋಂದಣಿ ಮಾಡಿಸಲು 4,500. ಡಿಜಿಟಲ್ ಸಹಿಗೆ 2,000. ಕರಾರಿನ ಸ್ಟಾಂಪ್ ಪೇಪರ್, ನೋಟರಿ, ಜೆರಾಕ್ಸ್ ಸೇರಿ 6,000 ಹತ್ತಿರ. ಬಸ್ಸು, ಊಟ 14,000. ಒಟ್ಟು 51,500 ರೂಪಾಯಿ, ಐದು ಜನ ಟ್ರಸ್ಟಿಗಳು ಹಂಚಿಕೊಂಡೆವು. ಇದನ್ನು ಗ್ರಾಂಟಿನಿಂದ ವಾಪಸ್ ಪಡೆಯಲು ಬರುವುದಿಲ್ಲ, ಮೊದಲೇ ತೆಗೆದಿಡಿ. ಯೋಜನೆಗೆ ಬೇರೆಯದೇ ಬ್ಯಾಂಕ್ ಖಾತೆ ಕೇಳುತ್ತಾರೆ. ಕರಾರಾದ ಮೇಲೆ ಅದಕ್ಕೆ ಹೋದರೆ ಮೂರು ವಾರ ಹಿಡಿಯುತ್ತದೆ, ಒಪ್ಪಿಗೆ ಬಂದ ದಿನವೇ ಶುರುಮಾಡಿ.

ಜುಲೈ 22, ಮಂಗಳವಾರ ಮೊದಲ ಸುತ್ತಿಗೆ ಹೊರಟೆವು. ಮೊದಲು ಹೋಗಿದ್ದು ಆ ಹೆಣ್ಣುಮಗಳ ಊರಿಗೆ. ನಾಲ್ಕು ಜನ ಕಾರ್ಯಕರ್ತೆಯರಲ್ಲಿ ಈಗ ಅವರೂ ಒಬ್ಬರು. ರಿಜಿಸ್ಟರ್ ಅವರ ಕೈಯಲ್ಲೇ ಇತ್ತು. ಆ ಊರಿನಲ್ಲಿ ಬಿಪಿ ಇರುವ 31 ಜನರ ಹೆಸರು ಹಳೆಯ ಪುಸ್ತಕದಲ್ಲಿತ್ತು. ಮನೆಯಲ್ಲಿ ಸಿಕ್ಕವರು 22. ಉಳಿದ ಒಂಬತ್ತು ಜನ ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿದ್ದಾರೆ. ಅವರ ಮೊಬೈಲ್ ನಂಬರ್ ಬರೆದುಕೊಂಡೆವು. ಹಬ್ಬಕ್ಕೆ ಬಂದಾಗ ಎರಡು ತಿಂಗಳ ಮಾತ್ರೆ ಕೊಟ್ಟು ಕಳಿಸಲು ಆಗುತ್ತದಾ ಅಂತ ವೈದ್ಯರನ್ನು ಕೇಳಬೇಕು.

ಕೊನೆಯ ಮನೆಯ ಅಜ್ಜಿಗೆ ಬಿಪಿ 164/98. ಮಾತ್ರೆ ಮುಗಿದು ಹನ್ನೆರಡು ದಿನ ಆಗಿತ್ತಂತೆ. ಕರೆದುಕೊಂಡು ಹೋಗುವವರು ಯಾರೂ ಇರಲಿಲ್ಲ. ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದೆವು. ಸಂಜೆಯೊಳಗೆ ಉಪಕೇಂದ್ರದಿಂದ 30 ಮಾತ್ರೆ ಬಂತು. ಅಜ್ಜಿ ತೆಲುಗಿನಲ್ಲಿ ಮತ್ತೆ ಯಾವಾಗ ಬರುತ್ತೀರಿ ಅಂತ ಕೇಳಿದರು. ಆ ಹೆಣ್ಣುಮಗಳು ಗೋಡೆಯ ಕ್ಯಾಲೆಂಡರ್ ತಿರುಗಿಸಿ ಆಗಸ್ಟ್ 19ಕ್ಕೆ ಪೆನ್ನಿನಲ್ಲಿ ದುಂಡಗೆ ಸುತ್ತು ಹಾಕಿದರು.